ಕೆಳಗಿಳಿದ ಹಲಗೆ

ಮರಗಳೂ ಸುಳ್ಳು ಹೇಳುತ್ತವೆ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಆದರೆ ನಗರಸಭೆಯ ಮರಗಳ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಚಪ್ಪಲಿ ಸವೆಸಿದ ಒಬ್ಬನಿದ್ದಾನೆ, ಅವನನ್ನು ಕೇಳಿ ನೋಡಿ. ಮನುಷ್ಯರಿಗೆ ನೂರೆಂಟು ಸುಳ್ಳು, ಮರಕ್ಕೆ ಒಂದೇ ಎನ್ನುತ್ತಾನೆ. 'ನನಗೇನೂ ಆಗಿಲ್ಲ' ಎನ್ನುವುದೊಂದೇ. ಅದನ್ನು ಮಾತ್ರ ಎಂಥವರೂ ನಂಬುವ ಹಾಗೆ ಹೇಳುತ್ತವಂತೆ.

ಊರಿನವರು ಅವನನ್ನು ಡಾಕ್ಟರು ಎಂದು ಕರೆಯುತ್ತಿದ್ದರು, ಅರ್ಧ ಮರ್ಯಾದೆಗೆ, ಅರ್ಧ ತಮಾಷೆಗೆ. ಕೈಯಲ್ಲಿ ಮರದ ಸುತ್ತಿಗೆ, ಹೆಗಲ ಚೀಲದಲ್ಲಿ ಹೆಣಿಗೆ ಕಡ್ಡಿಯಷ್ಟು ಸಪೂರದ ಬೈರಿಗೆ. ಕಾಂಡವನ್ನು ತಟ್ಟುತ್ತ, ಕಿವಿಯಿಟ್ಟು ಕೇಳುತ್ತ ಅವನು ಮರದ ಸುತ್ತ ಬರುವಾಗ ದಾರಿಯಲ್ಲಿ ಹೋಗುವವರು ನಿಂತು, "ಜ್ವರ ಎಷ್ಟಿದೆ ಡಾಕ್ಟ್ರೇ?" ಎಂದು ಕೇಳುವುದುಂಟು. "ನಿಮಗಿಂತ ಕಮ್ಮಿ" ಎಂದು ಅವನು ತಟ್ಟುವುದನ್ನು ಮುಂದುವರಿಸುತ್ತಿದ್ದ. ನಾವು ಮಾತ್ರ ಅವನನ್ನು ತಮ್ಮ ಎಂದು ಕರೆಯೋಣ. ಮರಗಳಿಗೆ ಅವನು ಏನೇ ಆಗಿರಲಿ, ಈ ಕತೆಯಲ್ಲಿ ಅವನು ಅವನ ಅಕ್ಕನ ತಮ್ಮ. ನಲವತ್ತೆಂಟು ವರ್ಷವಾಗಿ, ನೆತ್ತಿ ಬೋಳಾಗಿ, ಅಕ್ಕನ ಬಾಯಲ್ಲಿ ಇನ್ನೂ 'ಪುಟ್ಟ'ನಾಗಿಯೇ ಉಳಿದವನು.

ಆ ದಿನ ಮಧ್ಯಾಹ್ನ ಅವನಿಗೆ ಲೈಬ್ರರಿಯ ಮುಂದಿನ ಮರದ ಕೆಲಸವಿತ್ತು. ಮೂರು ಅಂತಸ್ತಿನ ಎತ್ತರದ ಮರ. ಒಂದು ಹಣ್ಣೆಲೆ ಬೇಕೆಂದರೂ ಹುಡುಕಬೇಕು, ಅಷ್ಟು ಹಸಿರು. ಲೈಬ್ರರಿಯ ಮೇಡಂ ಬಾಗಿಲಲ್ಲೇ ಅಡ್ಡ ನಿಂತಿದ್ದರು. ನಗರಸಭೆಯವರು ಬಂದರೆಂದರೆ ಕೊಡಲಿ ಬಂತು ಎಂದೇ ಅವರ ಲೆಕ್ಕ.

"ಇದಕ್ಕೇನು ಧಾಡಿ? ನನಗಿಂತ ಗಟ್ಟಿಮುಟ್ಟಾಗಿದೆ" ಎಂದರು.

ತಮ್ಮ ಸುತ್ತಿಗೆಯಿಂದ ತಟ್ಟುತ್ತ ಮರಕ್ಕೆ ಸುತ್ತು ಹಾಕಿದ. ಎದೆಯ ಎತ್ತರದಲ್ಲಿ ಕಾಂಡ ಒಂದು ಮಗ್ಗುಲಿಗೆ ಉಬ್ಬಿಕೊಂಡಿತ್ತು. ಬೇರೆಲ್ಲ ಕಡೆ ಟಕ್ ಟಕ್ ಎನ್ನುತ್ತಿದ್ದ ಸದ್ದು ಅಲ್ಲಿ ದೊಬ್ ಎಂದಿತು. ಬೈರಿಗೆ ಒಂದು ಗೇಣಿನಷ್ಟು ಬಿಗಿಯಾಗಿ ಹೋಗಿ ಆಮೇಲೆ ಸರಕ್ಕನೆ ಒಳಗಿಳಿಯಿತು.

"ಒಳಗೆ ಪೊಳ್ಳಾಗಿದೆ ಮೇಡಂ."

"ಪೊಳ್ಳಾದ್ರೆ ಇಷ್ಟು ದಪ್ಪ ಹೇಗಾಗತ್ತೆ?"

"ಪೊಳ್ಳಾಗಿರೋದಕ್ಕೇ ದಪ್ಪ ಆಗಿರೋದು. ಒಳಗೆ ಎಲ್ಲಿ ಬಲ ಹೋಗತ್ತೋ ಅಲ್ಲಿ ಹೊರಗಡೆ ಮೈ ಬೆಳೆಸ್ಕೊಳ್ಳತ್ತೆ, ಬೀಳಬಾರದು ಅಂತ. ನಾವು ನೋಡಿ ಎಂಥಾ ಆರೋಗ್ಯ ಅಂತೀವಿ. ನೋವು ಎಲ್ಲಿದೆ ಅಂತ ತಿಳೀಬೇಕಾದ್ರೆ ಎಲೆ ನೋಡಬಾರದು. ಈಚೆಗೆ ಹೊಸದಾಗಿ ಏನು ಬೆಳೆಸ್ಕೊಂಡಿದೆ ಅಂತ ನೋಡಬೇಕು."

"ಹಾಗಾದ್ರೆ ಕಡಿಯೋದೇ?"

"ಇಲ್ಲ. ಸುತ್ತ ಒಂದು ಗೇಣು ಗಟ್ಟಿ ಇದೆ. ರಸ್ತೆ ಕಡೆ ಚಾಚಿರೋ ಆ ದೊಡ್ಡ ಕೊಂಬೆ ಒಂದನ್ನ ತೆಗೆದ್ರೆ ಭಾರ ಇಳಿಯತ್ತೆ. ನಿಲ್ಲಬಹುದು."

ಕೊಂಬೆ ಕೊಯ್ಯುವವನಿಗೆ ಬರಹೇಳಿ, ಅಂದರೆ ನೂರು ಕಿಲೋ ತೂಗಿಯೂ ಅಳಿಲು ಎಂದೇ ಹೆಸರಾದ ಅವನ ಜೊತೆಗಾರನಿಗೆ ಹೇಳಿಕಳಿಸಿ, ತಮ್ಮ ಸೀದಾ ಅಕ್ಕನ ಅಂಗಡಿಗೆ ನಡೆದ. ಮಧ್ಯಾಹ್ನ ಮೂರರ ಚಹಾ ಅಲ್ಲೇ ಆಗಬೇಕು. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಆ ಚಟ ಬಿಟ್ಟಿರಲಿಲ್ಲ. ಅವನ ಹೆಂಡತಿ, "ಮನೇಲಿ ನಾನು ಮಾಡೋದು ಚಹಾ ಅಲ್ವಾ?" ಎಂದು ಕೇಳಿ ಕೇಳಿ ಸುಸ್ತಾಗಿ, ಈಗೀಗ ತಾನೂ ಆಗಾಗ ಅಲ್ಲಿಗೇ ಬರುತ್ತಿದ್ದಳು.

ಅಕ್ಕನದು ಹೊಲಿಗೆ ಅಂಗಡಿ. ಹತ್ತು ಹೆಜ್ಜೆ ಉದ್ದ, ಆರು ಹೆಜ್ಜೆ ಅಗಲ. ಎರಡು ಮೆಷಿನ್ನು, ಒಂದು ಕತ್ತರಿಸುವ ಮೇಜು, ಆಳೆತ್ತರದ ಕನ್ನಡಿ, ಅಳತೆಗೆ ನಿಲ್ಲುವವರಿಗೆ ಒಂದು ಪರದೆ. ಅಪ್ಪ ಅಮ್ಮ ಹೋದಮೇಲೆ ಆರು ವರ್ಷದ ತಮ್ಮನನ್ನು ಸಾಕಿ ಓದಿಸಿದ್ದು ಇದೇ ಅಂಗಡಿ. ಆಗ ಅಕ್ಕನಿಗೆ ಹದಿನೆಂಟು, ಈಗ ಅರವತ್ತು. ಮದುವೆ ಗಿದುವೆ ಎಂದು ಯಾರಾದರೂ ರಾಗ ತೆಗೆದರೆ, "ಊರಿನವರ ಬಟ್ಟೆಗೆಲ್ಲ ಜೋಡಿ ಹಾಕಿದ್ದೀನಿ, ಸಾಕು" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಕಾಯಿಲೆ ಎಂದು ಒಂದು ದಿನವೂ ಅಂಗಡಿ ಮುಚ್ಚಿದವಳಲ್ಲ.

ಶಾಲೆಗಳು ಶುರುವಾಗುವ ಕಾಲ. ಅಂಗಡಿಯ ತುಂಬ ನೀಲಿ ಬಟ್ಟೆ. ಅಕ್ಕ ಮೆಷಿನ್ನಿನ ಮುಂದೆ ಕೂತಿದ್ದಳು.

"ಬಂದ್ರಾ ಡಾಕ್ಟ್ರು? ಯಾರನ್ನ ಕೊಂದು ಬಂದ್ರಿ ಇವತ್ತು?"

"ಇವತ್ತು ಒಬ್ರನ್ನ ಉಳಿಸ್ದೆ."

"ಅಬ್ಬಾ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕೋಣ. ಚಹಾ ಅಲ್ಲಿದೆ, ನೀನೇ ಬಗ್ಗಿಸ್ಕೋ."

ನೀನೇ ಬಗ್ಗಿಸ್ಕೋ. ಅದು ಯಾವತ್ತಿನಿಂದ ಶುರುವಾಯಿತು ಎಂದು ಅವನು ಲೋಟ ಹಿಡಿದುಕೊಂಡು ಯೋಚಿಸಿದ. ಅಷ್ಟರಲ್ಲಿ ಅಕ್ಕ ದಾರ ಕಚ್ಚಿ ತುಂಡರಿಸಲು ಬಗ್ಗಿದಳು. ಅವಳ ಅಂಗಿಯ ಬಲಗಡೆ ಕಂಕುಳಲ್ಲಿ ಒಂದು ಹೊಸ ಪಟ್ಟಿ ಕಂಡಿತು. ಅಂಗಿಯದೇ ಬಣ್ಣದ ಬಟ್ಟೆಯನ್ನು ಎಲೆಯ ಆಕಾರದಲ್ಲಿ ಕತ್ತರಿಸಿ, ತೋಳು ಸಡಿಲವಾಗುವಂತೆ ಒಳಗೆ ಸೇರಿಸಿ ಹೊಲಿದಿದ್ದಳು. ಕೆಲಸ ಎಷ್ಟು ನಾಜೂಕೆಂದರೆ ಬೇರೆಯವರಿಗೆ ಗೊತ್ತೇ ಆಗುತ್ತಿರಲಿಲ್ಲ. ಇವನು ಹೊಲಿಗೆ ಅಂಗಡಿಯಲ್ಲಿ ಬೆಳೆದ ಹುಡುಗ, ಗೊತ್ತಾಯಿತು. ಎಡಗಡೆ ನೋಡಿದ. ಎಡಗಡೆ ಪಟ್ಟಿಯಿರಲಿಲ್ಲ.

ದಪ್ಪಗಾದರೆ ಎರಡೂ ಕಡೆ ದಪ್ಪಗಾಗುತ್ತಾರಲ್ಲ ಎಂದುಕೊಂಡ. ಅಂದುಕೊಂಡ ಮರುಕ್ಷಣ ಲೋಟ ಕೆಳಗಿಟ್ಟ.

ಅವನು ಅಂಗಡಿಯನ್ನು ಸುತ್ತು ಹಾಕಿ ನೋಡತೊಡಗಿದ, ಕೂತಲ್ಲಿಂದಲೇ. ಇಸ್ತ್ರಿಪೆಟ್ಟಿಗೆ ಮೊದಲು ಮೇಜಿನ ಬಲಕ್ಕಿರುತ್ತಿತ್ತು, ಈಗ ಎಡಕ್ಕಿದೆ. ಭಾರದ ಕತ್ತರಿ ಗೂಟಕ್ಕೆ ನೇತಾಡುತ್ತಿತ್ತು, ಈಗ ಮಡಿಲ ಹತ್ತಿರ ಸ್ಟೂಲಿನ ಮೇಲಿದೆ. ಪರದೆಯ ಹಗ್ಗಕ್ಕೆ ಕೆಳಗಿಂದ ಎಳೆಯಲು ಒಂದು ದಾರ ಕಟ್ಟಿದೆ. ನೀರಿನ ಕ್ಯಾನು ಅರ್ಧ ಮಾತ್ರ ತುಂಬಿದೆ. ಮತ್ತೆ ಬಟ್ಟೆಯ ಥಾನುಗಳನ್ನಿಡುವ ಆ ಹಲಗೆ. ಗೋಡೆಯ ಮೇಲೆ, ಇಷ್ಟು ವರ್ಷ ಇದ್ದ ಜಾಗಕ್ಕಿಂತ ಒಂದು ಮೊಳ ಕೆಳಗೆ.

ಹಲಗೆಯನ್ನು ಇಳಿಸಿದ್ದು ಅವನೇ. ಮೂರು ತಿಂಗಳ ಹಿಂದೆ. "ಮಂಡಿ ಸರಿಯಿಲ್ಲ ಕಣೋ, ಸ್ಟೂಲ್ ಹತ್ತೋಕಾಗಲ್ಲ" ಎಂದಿದ್ದಳು. ಇವನು ಶಿಳ್ಳೆ ಹಾಕುತ್ತ ಸ್ಕ್ರೂ ಬಿಚ್ಚಿ, ಕೆಳಗೆ ಬಿಗಿದು, ಕೈ ಒರೆಸಿಕೊಂಡು, "ಹೇಗಿದೆ?" ಎಂದು ಮೀಸೆ ತಿರುವಿದ್ದ. ಮಂಡಿ ನೋಯುವವಳು ದಿನಕ್ಕೆ ಎಂಟು ಗಂಟೆ ಮೆಷಿನ್ ತುಳಿಯುತ್ತಾಳಾ ಎಂದು ಕೇಳಬೇಕೆಂದು ಆಗ ಹೊಳೆಯಲಿಲ್ಲ. ಊರಿನ ಮರಗಳ ಒಳಗುಟ್ಟು ಹುಡುಕುವವನು ತನ್ನ ಅಕ್ಕ ಒಂದೊಂದೇ ಆಸರೆ ಬೆಳೆಸಿಕೊಳ್ಳುವಾಗ ಸ್ಕ್ರೂ ಬಿಗಿದು ಕೊಟ್ಟಿದ್ದ. ಅವನಿಗೆ ತನ್ನ ಮೇಲೆ ಅಸಹ್ಯವಾಯಿತು.

ಎದ್ದು ಬಾಗಿಲಿಗೆ ಹೋಗಿ 'ಮುಚ್ಚಿದೆ' ಎನ್ನುವ ಫಲಕ ತಿರುಗಿಸಿದ. ಚೀಲದಿಂದ ಸ್ಕ್ರೂಡ್ರೈವರ್ ತೆಗೆದ. ಹಲಗೆಯ ಮೇಲಿನ ಥಾನುಗಳನ್ನು ಇಳಿಸಿ ಮೇಜಿನ ಮೇಲಿಟ್ಟು ಸ್ಕ್ರೂ ಬಿಚ್ಚತೊಡಗಿದ.

"ಏನೋ ಮಾಡ್ತಿದ್ದೀಯ?"

"ಹಲಗೆ ಮೇಲೆ ಹಾಕ್ತಿದ್ದೀನಿ. ಮೊದಲಿದ್ದ ಕಡೆ."

"ತಲೆ ಕೆಟ್ಟಿದೆಯಾ? ಮಂಡಿ ಅಂತ ಹೇಳಿರ್ಲಿಲ್ವಾ?"

"ಸ್ಟೂಲ್ ಬೇಡ. ನಿಂತ್ಕೊಂಡು ಕೈ ಎತ್ತಿದ್ರೆ ಸಿಗೋದು ನಿಂಗೆ. ಯಾವಾಗ್ಲೂ ಹಾಗೇ ತೆಗೀತಿದ್ದೆ. ಬಾ, ಒಂದ್ಸಲ ಎತ್ತಿ ತೋರಿಸು. ಬಲಗೈ."

ಮೆಷಿನ್ನಿನ ಸದ್ದು ನಿಂತಿತು. ಅವನು ತಿರುಗಿ ನೋಡಲಿಲ್ಲ, ನೋಡಲು ಧೈರ್ಯವಿರಲಿಲ್ಲ. ಗೋಡೆಗೆ ಮುಖಮಾಡಿಕೊಂಡೇ ಕೇಳಿದ.

"ಎಷ್ಟು ದಿನ ಆಯ್ತಕ್ಕ?"

"ಐದು ತಿಂಗಳು" ಎಂದಳು ಅಕ್ಕ. ಹವಾಮಾನ ಹೇಳುವ ದನಿಯಲ್ಲಿ ಹೇಳಿದಳು. "ಎದೇಲಿ ಒಂದು ಗಂಟು. ಮೊದಲು ಗುಂಡಿಯಷ್ಟಿತ್ತು. ಈಗ ಕಂಕುಳಲ್ಲೂ ಒಂದಿದೆ. ಕೈ ಎತ್ತಿದ್ರೆ ಜೀವ ಹೋಗತ್ತೆ. ಕೆಳಗಿದ್ರೆ ಏನೂ ಇಲ್ಲ."

"ಯಾರಿಗೆ ತೋರಿಸ್ದೆ?"

"ಯಾರಿಗೂ ಇಲ್ಲ. ಶಾಲೆ ಬಟ್ಟೆ ಮುಗೀಲಿ, ಆಮೇಲೆ ನೋಡೋಣ."

"ನಾಳೆ ಆಸ್ಪತ್ರೆಗೆ ಹೋಗ್ತೀವಿ."

"ನೀನು ಹೋಗು. ನಾನು ಬರಲ್ಲ."

ಅಲ್ಲಿಂದ ಅರ್ಧ ಗಂಟೆ ಅವನು ಜಪ್ಪಯ್ಯ ಅಂದರೂ ಅವಳು ಜಗ್ಗಲಿಲ್ಲ. ಬೈದ, ಬೇಡಿದ, ಹೆಂಡತಿಯನ್ನು ಕರೆಸುತ್ತೇನೆಂದು ಹೆದರಿಸಿದ. ಅಕ್ಕ ನೀಲಿ ಬಟ್ಟೆಯ ಒಂದು ಚೂರನ್ನು ಬೆರಳಲ್ಲಿ ಸುತ್ತಿ ಬಿಚ್ಚಿ ಮಾಡುತ್ತ ಕೂತಿದ್ದಳು. ಅವನ ಮಾತೆಲ್ಲ ಮುಗಿದ ಮೇಲೆ ನಿಧಾನವಾಗಿ ಹೇಳಿದಳು.

"ಅಮ್ಮಂಗೂ ಇದೇ ಇತ್ತು ಪುಟ್ಟ."

"ಅಮ್ಮಂಗೆ ಜ್ವರ ಅಂದಿದ್ದೆ ನೀನು."

"ಆರು ವರ್ಷದ ಮಗೂಗೆ ಇನ್ನೇನು ಹೇಳ್ಲಿ? ಎದೇಲಿ ಗಂಟಿತ್ತು. ಆಪರೇಷನ್ ಮಾಡ್ಬೇಕು ಅಂದ್ರು. ಅಮ್ಮ ಬೇಡ ಬೇಡ ಅಂತಲೇ ಇದ್ಲು, ತುಂಬ ಹೆದರ್ಕೊಂಡಿದ್ಲು. ಡಾಕ್ಟ್ರು ಬಂದು ಮನೆಯವರು ಯಾರು ಅಂದ್ರು. ಅಪ್ಪ ಅಷ್ಟರಲ್ಲಿ ಹೋಗಿ ಎರಡು ವರ್ಷ. ನಾನೇ ಅಂದೆ. ಹದಿನೆಂಟು ತುಂಬಿ ಎರಡು ತಿಂಗಳಾಗಿತ್ತು, ದೊಡ್ಡೋಳಾಗ್ಬಿಟ್ಟಿದ್ದೀನಿ ಅಂತ ಜಂಬ ನಂಗೆ. 'ಏನೂ ಆಗಲ್ಲಮ್ಮ, ನಾನಿದ್ದೀನಿ' ಅಂತ ನಾನೇ ಒಪ್ಪಿಸ್ದೆ. ಕಾಗದಕ್ಕೆ ಸಹಿ ಹಾಕ್ದೆ. ಬೆಳಿಗ್ಗೆ ಒಳಗೆ ಕರ್ಕೊಂಡು ಹೋದ್ರು. ಮಧ್ಯಾಹ್ನ ಬಂದು ಅವಳ ಬಟ್ಟೆ ಗಂಟು ನನ್ ಕೈಗೆ ಕೊಟ್ರು."

ತಮ್ಮ ಸ್ಕ್ರೂಡ್ರೈವರ್ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟ.

"ಮನೆಗೆ ಬಂದ್ರೆ ನೀನು ಬಾಗ್ಲಲ್ಲೇ ನಿಂತಿದ್ದೆ. 'ಅಮ್ಮನ್ನ ಅಲ್ಲಿಗೆ ಕಳ್ಸಿದ್ದು ಯಾರು?' ಅಂತ ಕೇಳ್ದೆ. ನೆನಪಿದೆಯಾ?"

ಅವನಿಗೆ ನೆನಪಿರಲಿಲ್ಲ. ಒಂದು ಅಕ್ಷರವೂ ನೆನಪಿರಲಿಲ್ಲ. ಆರು ವರ್ಷದವನು ಕೇಳಿ ಮರೆತ ಒಂದು ಪ್ರಶ್ನೆಯನ್ನು ಅಕ್ಕ ನಲವತ್ತೆರಡು ವರ್ಷ ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದಳು. ಅದನ್ನು ಹೊತ್ತುಕೊಂಡೇ ಅಡುಗೆ ಮಾಡಿದ್ದಳು, ಹೊಲಿದಿದ್ದಳು, ಅವನ ಶಾಲೆಯ ಚೀಲಕ್ಕೆ ಊಟದ ಡಬ್ಬಿ ಹಾಕಿದ್ದಳು, ಅವನ ಮದುವೆಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕಿದ್ದಳು. ಅವಳು ಗಟ್ಟಿಗಿತ್ತಿ ಎಂದು ಊರೆಲ್ಲ ಹೊಗಳಿತ್ತು. ಅವನೂ ಹೊಗಳಿದ್ದ. ಗಟ್ಟಿಯೇನೋ ನಿಜವೇ, ಆದರೆ ಆ ಗಟ್ಟಿ ಎಲ್ಲಿಂದ ಬಂತು ಎಂದು ಯಾರೂ ತಟ್ಟಿ ನೋಡಿರಲಿಲ್ಲ.

"ಅದಕ್ಕೇ ನಂಗೆ ಆ ಕತ್ತಿ ಬೇಡ" ಎಂದಳು ಅಕ್ಕ. "ಸಾಯೋಕೆ ಹೆದರಿಕೆ ಇಲ್ಲ ಕಣೋ. ಆ ಬಾಗ್ಲು ದಾಟೋಕೆ ಹೆದರಿಕೆ."

ಹೊರಗೆ ಯಾರೋ ಬಾಗಿಲು ತಳ್ಳಿ ನೋಡಿ, ಫಲಕ ಓದಿ, ಗೊಣಗುತ್ತ ಹೋದರು.

"ಆ ಲೈಬ್ರರಿ ಮರ" ಎಂದಳು ಅಕ್ಕ ಇದ್ದಕ್ಕಿದ್ದಂತೆ. "ಉಳಿಸ್ದೆ ಅಂದ್ಯಲ್ಲ, ಏನಾಗಿತ್ತು ಅದಕ್ಕೆ?"

"ಒಳಗೆ ಪೊಳ್ಳಾಗಿತ್ತು. ಒಂದು ಕೊಂಬೆ ತೆಗೆಸ್ತಿದ್ದೀನಿ."

"ತೆಗೆದ್ರೆ ಬದುಕತ್ತಾ?"

ಹೂಂ ಅನ್ನಬಹುದಿತ್ತು. ನಾಲಗೆಯ ತುದಿಗೆ ಬಂದಿತ್ತು. ಆದರೆ 'ಏನೂ ಆಗಲ್ಲಮ್ಮ' ಎನ್ನುವ ಮಾತು ಆ ಅಂಗಡಿಯಲ್ಲಿ ಈಗಷ್ಟೇ ಹಾದುಹೋಗಿತ್ತು.

"ಖಂಡಿತ ಅಂತ ಹೇಳಕ್ಕಾಗಲ್ಲ ಅಕ್ಕ. ನಾನು ತೆಗೆಸಿದ್ರಲ್ಲಿ ಎಷ್ಟೋ ಮರ ಇವತ್ತಿಗೂ ನಿಂತಿವೆ. ಕೆಲವು ಒಣಗಿ ಹೋಗಿವೆ. ಆದ್ರೆ ತೆಗೀದೆ ಬಿಟ್ರೆ ಮುಂದಿನ ಗಾಳಿಗೆ ಬೀಳತ್ತೆ. ಅದು ಮಾತ್ರ ಖಂಡಿತ."

"ಸುಳ್ಳಾದ್ರೂ ಹೇಳ್ಬಾರ್ದೇನೋ?"

"ನಿನ್ನ ಮುಂದೆ ನನ್ನ ಸುಳ್ಳು ಯಾವತ್ತು ನಡೆದಿದೆ?" ಎಂದ. "ನಂಗೆ ಅಮ್ಮನ ಮುಖ ನೆನಪಿಲ್ಲ ಅಕ್ಕ. ಅಮ್ಮ ಅಂದ್ರೆ ನಂಗೆ ನಿನ್ನ ಮುಖವೇ ಬರೋದು. ಇನ್ನೊಂದು ಸಲ ನನ್ನನ್ನ ಬಾಗ್ಲಲ್ಲಿ ನಿಲ್ಲಿಸ್ಬೇಡ."

ನಲವತ್ತೆಂಟು ವರ್ಷದ ಗಂಡಸು ಮೇಜಿನಿಂದ ಇಳಿಬಿದ್ದಿದ್ದ ಬಟ್ಟೆಯಲ್ಲಿ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತ. ಅಕ್ಕ ಎದ್ದು ಬಂದು ಎಡಗೈಯಿಂದ ಅವನ ಬೋಳು ನೆತ್ತಿ ಸವರಿದಳು.

"ಸಾಕು ಬಿಡೋ. ಅದು ಹೆಡ್‌ಮಾಸ್ಟ್ರ ಮಗಳ ಲಂಗದ ಬಟ್ಟೆ. ಕಲೆ ಆದ್ರೆ ನಾನು ಉತ್ತರ ಕೊಡ್ಬೇಕು." ಆಮೇಲೆ ತುಸು ತಡೆದು, "ಬರ್ತೀನಿ. ನಾಳೆ ಬೇಡ, ನಾಡಿದ್ದು. ನಾಳೆ ಮೂರು ಜನಕ್ಕೆ ಬಟ್ಟೆ ಕೊಡ್ತೀನಿ ಅಂದಿದ್ದೀನಿ" ಎಂದಳು.

ನಾಡಿದ್ದು ಹೋದರು. ಪರೀಕ್ಷೆಗಳಾದವು. ಮುಖದಲ್ಲಿ ನಗುವಿಲ್ಲದ ಒಬ್ಬ ಡಾಕ್ಟರಮ್ಮ ಎಲ್ಲವನ್ನೂ ಬಿಡಿಸಿ ಹೇಳಿದರು. ಆಪರೇಷನ್ ಆಗಲೇಬೇಕು, ಇನ್ನೂ ಎರಡು ಮೂರು ತಿಂಗಳು ತಡವಾಗಿದ್ದರೆ ಕೈಚೆಲ್ಲಿ ಕೂರಬೇಕಾಗಿತ್ತು, ಈಗ ಆಸೆಯಿದೆ ಎಂದರು. ಆಸೆಯಿದೆ ಎನ್ನುವಾಗಲೂ ನಗಲಿಲ್ಲ. ಅದಕ್ಕೇ ಅಕ್ಕನಿಗೆ ಆಕೆಯ ಮೇಲೆ ನಂಬಿಕೆ ಬಂತು. ಮಧ್ಯದ ಹದಿನೈದು ದಿನ ತಮ್ಮನ ಮನೆಯೇ ಹೊಲಿಗೆ ಅಂಗಡಿಯಾಯಿತು. ಹೆಂಡತಿ ಗುಂಡಿ ಹಚ್ಚಿದಳು, ಅವನು ಇಸ್ತ್ರಿ ಮಾಡಿದ, ಅಕ್ಕ ಕುರ್ಚಿಯಲ್ಲಿ ಕೂತು ಇಬ್ಬರ ಕೆಲಸಕ್ಕೂ ಹೆಸರಿಟ್ಟಳು. "ಅತ್ತಿಗೆ, ನೀವು ಸುಮ್ನೆ ಮಲಗಿ" ಎಂದು ಹೆಂಡತಿ ಗದರಿದರೆ, "ಈ ಗುಂಡಿ ನೋಡಿದ್ಮೇಲೆ ನಿದ್ದೆ ಬರತ್ತಾ?" ಎಂದಳು.

ಆಪರೇಷನ್ನಿನ ದಿನ ಬೆಳಿಗ್ಗೆ ಏಳು ಗಂಟೆಗೆ ಅಕ್ಕನಿಗೆ ಆಸ್ಪತ್ರೆಯ ಹಸಿರು ಅಂಗಿ ತೊಡಿಸಿ ಮಂಚದ ಮೇಲೆ ಕೂರಿಸಿದ್ದರು. ನಾಲ್ಕು ಮಂಚದ ಕೋಣೆ, ಕಿಟಕಿಯಿಂದ ಇಳಿದ ಬಿಸಿಲು ನೆಲದ ಮೇಲಿತ್ತು. ಅಕ್ಕ ಅಂಗಿಯ ಅಂಚನ್ನು ತಿರುಗಿಸಿ ನೋಡುತ್ತಿದ್ದಳು.

"ಇದನ್ನ ಹೊಲಿದವನನ್ನ ಮೊದಲು ಆಪರೇಷನ್ ಮಾಡ್ಬೇಕು" ಎಂದಳು.

ತಮ್ಮ ನಕ್ಕ. ಅವಳ ಕಾಲಿನ ಹೆಬ್ಬೆರಳು ನಡುಗುತ್ತಿದ್ದುದು ಅವನಿಗೆ ಕಂಡಿತು. ಈಚೆಗೆ ಅವನಿಗೆ ಎಲ್ಲವೂ ಕಾಣುತ್ತಿತ್ತು. ಹೊದಿಕೆ ಎಳೆದು ಪಾದ ಮುಚ್ಚಿ, ಅದರ ಮೇಲೆ ಕೈಯಿಟ್ಟುಕೊಂಡು ಕೂತ.

ನರ್ಸ್ ಕಾಗದ ಸಿಕ್ಕಿಸಿದ ಹಲಗೆಯೊಂದನ್ನು ತಂದು ಅಕ್ಕನ ಮಡಿಲಲ್ಲಿಟ್ಟಳು. ಒಪ್ಪಿಗೆ ಪತ್ರ. ಕೆಳಗೆ ಎರಡು ಗೆರೆ, ಒಂದು ರೋಗಿಗೆ, ಇನ್ನೊಂದು ಮನೆಯವರಿಗೆ. ಅಕ್ಕ ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿದಳು. ಈಚೆಗೆ ಬಲಗೈ ಕೆಳಗಿದ್ದರೂ ನೋಯುತ್ತಿತ್ತು, ಮೊದಲ ಗೆರೆಯ ಮೇಲೆ ಎಡಗೈಯಿಂದ ಕಷ್ಟಪಟ್ಟು ಸಹಿ ಹಾಕಿ ಹಲಗೆಯನ್ನು ನರ್ಸ್ ಕಡೆಗೆ ಚಾಚಿದಳು.

"ಇವರದ್ದೂ ಬೇಕಮ್ಮ" ಎಂದಳು ನರ್ಸ್, ತಮ್ಮನ ಕಡೆ ತೋರಿಸಿ.

"ಬೇಡ. ನನ್ನ ಮೈ, ನನ್ನ ಸಹಿ. ನಂಗೆ ಬುದ್ಧಿ ನೆಟ್ಟಗಿದೆ."

"ಇಲ್ಲಿ ಹಾಗೆ ನಡೆಯಲ್ಲಮ್ಮ. ಮನೆಯವರು ಒಬ್ರು ಹಾಕಲೇಬೇಕು."

"ಇವ್ನು ಮನೆಯವ್ನಲ್ಲ. ಮರದ ಡಾಕ್ಟ್ರು" ಎಂದಳು ಅಕ್ಕ.

ನರ್ಸ್ ಇಬ್ಬರ ಮುಖವನ್ನೂ ನೋಡಿ ಹಲಗೆಯನ್ನು ತಮ್ಮನ ಕಡೆ ತಿರುಗಿಸಿದಳು. ಅವನು ಜೇಬಿನಿಂದ ಪೆನ್ನು ತೆಗೆದ. ಅಷ್ಟರಲ್ಲಿ ಅಕ್ಕ ಕೈ ಚಾಚಿ ಆ ಎರಡನೆಯ ಗೆರೆಯನ್ನು ಅಂಗೈಯಿಂದ ಮುಚ್ಚಿಬಿಟ್ಟಳು. ತಿಂಗಳುಗಳಿಂದ ಮೇಲೆತ್ತದ ಬಲಗೈ ಅದು. ನೋವಿಗೆ ಅವಳ ತುಟಿ ಬೆಳ್ಳಗಾಯಿತು. ಕೈ ಮಾತ್ರ ತೆಗೆಯಲಿಲ್ಲ.

"ನೀನು ಹಾಕ್ಬೇಡ ಪುಟ್ಟ" ಎಂದಳು. ಈ ಸಲ ತಮಾಷೆಯಿರಲಿಲ್ಲ. "ಏನಾದ್ರೂ ಆದ್ರೆ, ಆಮೇಲೆ ಜನ್ಮಪೂರ್ತಿ... ನಂಗೆ ಗೊತ್ತು ಅದು. ನಿಂಗೆ ಬೇಡ."

ಅವನು ಪೆನ್ನನ್ನು ಹೊದಿಕೆಯ ಮೇಲಿಟ್ಟ. ಎರಡೂ ಕೈಯಿಂದ ಅವಳ ಬಲಗೈಯನ್ನು ಕೆಳಗಿನಿಂದ ಹಿಡಿದು, ನೋಯದ ಹಾಗೆ, ಸ್ವಲ್ಪ ಸ್ವಲ್ಪವಾಗಿ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ. ಮಧ್ಯದ ಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ದಡ್ಡುಗಟ್ಟಿದ ಚರ್ಮವಿತ್ತು. ಎಡಗೈಯಿಂದ ಅದನ್ನು ಹಿಡಿದುಕೊಂಡೇ ಬಲಗೈಯಿಂದ ಸಹಿ ಹಾಕಿದ.

"ಕಳ್ಸಿದ್ದು ನಾನು ಅಕ್ಕ" ಎಂದ. "ಯಾರಾದ್ರೂ ಕೇಳಿದ್ರೆ ನನ್ನ ಹೆಸ್ರು ಹೇಳು. ಅಮ್ಮನ ಕಾಗದದಲ್ಲೂ ಅರ್ಧ ನಂಗೆ ಕೊಡು. ಅವಳು ನಂಗೂ ಅಮ್ಮ ತಾನೇ? ನೀನು ಒಬ್ಬಳೇ ಹೊತ್ತಿದ್ದು ಸಾಕು."

ಅಕ್ಕ ಅವನನ್ನು ನೋಡಿದಳು. ಅಳು ಬಂತು. ಅಕ್ಕ ಅತ್ತದ್ದನ್ನು ಅವನು ಹುಟ್ಟಿದ ಮೇಲೆ ನೋಡಿರಲಿಲ್ಲ. ಅಮ್ಮ ಅಮ್ಮ ಎನ್ನುತ್ತ, ಸದ್ದು ಮಾಡಿಕೊಂಡು, ಹದಿನೆಂಟು ವರ್ಷದ ಹುಡುಗಿ ಅತ್ತ ಹಾಗೆ ಅತ್ತಳು. ಪಕ್ಕದ ಮಂಚದವರು ಮುಖ ಆಚೆ ತಿರುಗಿಸಿದರು. ನರ್ಸ್ ಹಲಗೆಯನ್ನು ಎದೆಗೊತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತಳು.

ಬಹಳ ಹೊತ್ತಾದ ಮೇಲೆ ಅಕ್ಕ ಹಸಿರು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡಳು. "ಮುಗೀತು, ನಡೀರಿ" ಎಂದು ತಾನೇ ನರ್ಸನ್ನು ಕರೆದಳು. ಗಾಲಿಮಂಚ ಕಾರಿಡಾರಿನುದ್ದಕ್ಕೂ ಹೋಯಿತು, ತಮ್ಮ ಅವಳ ಕೈ ಹಿಡಿದುಕೊಂಡು ಪಕ್ಕದಲ್ಲೇ ನಡೆದ. ಆಪರೇಷನ್ ಕೋಣೆಯ ಬಾಗಿಲು ಬಂತು.

"ಇಲ್ಲೇ ಇರ್ತೀಯಾ?" ಎಂದು ಕೇಳಿದಳು ಅಕ್ಕ.

"ಇಲ್ಲೇ ಇರ್ತೀನಿ."

"ನಿಂತ್ಕೋಬೇಡ, ಕಾಲು ನೋಯತ್ತೆ. ಕೂತ್ಕೋ" ಎಂದು ಹೇಳಿ ಒಳಗೆ ಹೋದಳು.